‘ಯಾವುದು ಮೊದಲೋ ಅದು’: ತುಂಗಭದ್ರಾ ನೀರಾವರಿ ಸಲಹಾ ಸಮಿತಿಗೆ ಒಂದು ಬಹಿರಂಗ ಪತ್ರ

ಗೆ,
ಅಧ್ಯಕ್ಷರು ಮತ್ತು ಸದಸ್ಯರು, ತುಂಗಭದ್ರಾ ಯೋಜನೆಯ ನೀರಾವರಿ ಸಲಹಾ ಸಮಿತಿ, ಮುನಿರಾಬಾದ್
ಪ್ರತಿ: ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಕಲಬುರಗಿ

ವಿಷಯ: ಎಡದಂಡೆ ಕಾಲುವೆಗೆ ನೀರು ಬಿಡುವ ಮೊದಲು ಬೆಳೆಯ ಲೆಕ್ಕ ಹಾಕುವ ಕುರಿತು

ಮಾನ್ಯರೇ,

ನಿಮ್ಮ ಸಭೆ ಮುಗಿದ ಸಂಜೆ ಹೊರಬೀಳುವ ಪ್ರಕಟಣೆ ಕೊಪ್ಪಳ, ರಾಯಚೂರು ಜಿಲ್ಲೆಗಳ ರೈತರಿಗೆ ಬಾಯಿಪಾಠವಾಗಿದೆ. ಎಡದಂಡೆ ಮುಖ್ಯ ಕಾಲುವೆಗೆ 4,100 ಕ್ಯೂಸೆಕ್‌ನಂತೆ, ಇಂಥ ದಿನದಿಂದ ನವೆಂಬರ್ 30ರವರೆಗೆ ಅಥವಾ ಜಲಾಶಯದಲ್ಲಿ ನೀರಿನ ಲಭ್ಯತೆ ಇರುವವರೆಗೆ, ಯಾವುದು ಮೊದಲೋ ಅದು. ಕ್ಯೂಸೆಕ್ ಇದೆ, ತಾರೀಖು ಇದೆ, ಕೊನೆಗೊಂದು ಷರಾ ಇದೆ. ಎಷ್ಟು ಎಕರೆಗೆ, ಯಾವ ಬೆಳೆಗೆ, ಯಾವ ಮೈಲಿನವರೆಗೆ ಎಂಬ ಮೂರು ಮಾತು ಮಾತ್ರ ಇಲ್ಲ. ಈ ಪತ್ರ ಆ ಮೂರು ಮಾತಿನ ಬಗ್ಗೆ.

2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದ ಮೇಲೆ ತುಂಗಭದ್ರೆಯ ಮಾತೆಲ್ಲ ಗೇಟಿನ ಸುತ್ತಲೇ ತಿರುಗುತ್ತಿದೆ. ಅದು ಸಹಜ. 60 ಅಡಿ ಅಗಲ, 20 ಅಡಿ ಎತ್ತರದ 33 ಗೇಟುಗಳು ಏಳು ದಶಕ ದುಡಿದಿವೆ, ಅವನ್ನು ಬದಲಿಸಲೇಬೇಕಿತ್ತು. ಆ ಕೆಲಸಕ್ಕಾಗಿ 2025-26ರಲ್ಲಿ ಎರಡನೇ ಬೆಳೆಯನ್ನೇ ಬಿಟ್ಟುಕೊಡಬೇಕಾಯಿತು. ಅದಕ್ಕೂ ಮೊದಲು, 2023ರ ಬರದಲ್ಲೂ ಎರಡನೇ ಬೆಳೆ ಇರಲಿಲ್ಲ. ಆದರೆ ಕಾಲುವೆಯ ಕೆಳಭಾಗದ ಮಾನ್ವಿ, ಸಿರವಾರ, ರಾಯಚೂರು ಕಡೆಯ ಹೊಲಗಳಿಗೆ ನೀರು ಮುಟ್ಟದಿರುವುದು ಗೇಟು ಹೋದ ಮೇಲಿನ ಕಥೆಯಲ್ಲ. ಎಲ್ಲ ಗೇಟುಗಳೂ ಗಟ್ಟಿಯಾಗಿದ್ದು, ಜಲಾಶಯ ತುಂಬಿ ನದಿಗೆ ಹರಿದ ವರ್ಷಗಳಲ್ಲೂ 104ನೇ ಮೈಲಿನ ಗೇಜಿಗಾಗಿ, ಅಂದರೆ ಅಲ್ಲಿ ಕಾಲುವೆಯ ನೀರಿನ ಮಟ್ಟಕ್ಕಾಗಿ, ಜನ ರಸ್ತೆಗೆ ಇಳಿದಿದ್ದಾರೆ. ಹೊಸ ಗೇಟು ನೀರನ್ನು ಜಲಾಶಯದಲ್ಲಿ ಹಿಡಿದಿಡುತ್ತದೆ. ಕಾಲುವೆಯಲ್ಲಿ ಅದು ಯಾರ ಪಾಲಾಗಬೇಕು ಎಂಬುದನ್ನು ಹೇಳಬೇಕಾದದ್ದು ನಿಮ್ಮ ಸಮಿತಿ.

ಲೆಕ್ಕ ಸರಳವಿದೆ. 4,100 ಕ್ಯೂಸೆಕ್, ಅಂದರೆ ಸೆಕೆಂಡಿಗೆ 4,100 ಘನ ಅಡಿ, ಒಂದು ದಿನ ಹರಿದರೆ 0.354 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಜುಲೈ 20ರಿಂದ ನವೆಂಬರ್ 30ರವರೆಗೆ 134 ದಿನ ಎಡೆಬಿಡದೆ ಹರಿದರೆ 47.5 ಟಿಎಂಸಿ. 227 ಕಿಲೋಮೀಟರ್ ಉದ್ದದ ಮುಖ್ಯ ಕಾಲುವೆ, ಅದರ ವಿತರಣಾ ಕಾಲುವೆ, ಹೊಲಗಾಲುವೆಗಳಲ್ಲಿ ಮೂರರಲ್ಲೊಂದು ಪಾಲು ಇಂಗಿ ಸೋರಿ ಹೋಗುತ್ತದೆ ಎಂದಿಟ್ಟುಕೊಂಡರೆ ಹೊಲಕ್ಕೆ ಮುಟ್ಟುವುದು 31.7 ಟಿಎಂಸಿ, ಅಂದರೆ ಹೆಚ್ಚುಕಡಿಮೆ 7.27 ಲಕ್ಷ ಎಕರೆ-ಅಡಿ (ಒಂದು ಎಕರೆಯಲ್ಲಿ ಒಂದಡಿ ನಿಲ್ಲುವಷ್ಟು ನೀರು ಒಂದು ಎಕರೆ-ಅಡಿ). ನಾಟಿ ಭತ್ತಕ್ಕೆ ಮಳೆ ಬಿಟ್ಟು ಕಾಲುವೆಯಿಂದಲೇ ಎಕರೆಗೆ ನಾಲ್ಕು ಅಡಿ ನೀರು ಬೇಕು. ಜೋಳ, ಶೇಂಗಾ, ಸೂರ್ಯಕಾಂತಿಗೆ ಮಳೆ ಕೈಕೊಟ್ಟರೂ ಒಂದೂವರೆ ಅಡಿ ಸಾಕು. ಹಾಗಾದರೆ ಅದೇ ನೀರಿನಲ್ಲಿ ಭತ್ತವಾದರೆ 1.8 ಲಕ್ಷ ಎಕರೆ, ಮಿತ ನೀರಾವರಿ ಬೆಳೆಯಾದರೆ 4.8 ಲಕ್ಷ ಎಕರೆ. ಎಡದಂಡೆಯ ಆಯಕಟ್ಟು, ಅಂದರೆ ಕಾಲುವೆಯ ನೀರು ಸಿಗಬೇಕಾದ ಜಮೀನು, ಸುಮಾರು 6 ಲಕ್ಷ ಎಕರೆ. ಅಷ್ಟಕ್ಕೂ ಭತ್ತ ನಾಟಿ ಮಾಡಿದರೆ ಹೊಲದಲ್ಲೇ 104 ಟಿಎಂಸಿ ಬೇಕಾಗುತ್ತದೆ. ಇಂದು ಜಲಾಶಯದ ಒಟ್ಟು ಸಾಮರ್ಥ್ಯವೇ 105.788 ಟಿಎಂಸಿ! ಅದರಲ್ಲಿ ಬಲದಂಡೆಯ ಪಾಲಿದೆ, ಆಂಧ್ರ, ತೆಲಂಗಾಣಗಳ ಪಾಲಿದೆ, ಕುಡಿಯುವ ನೀರಿದೆ.

ಯೋಜನೆ ರೂಪಿಸಿದವರಿಗೆ ಈ ಲೆಕ್ಕ ಗೊತ್ತಿತ್ತು. ಬರಪೀಡಿತ ಎರೆ ಭೂಮಿಗೆ ತೆಳುವಾಗಿ ನೀರು ಹಂಚಿ ಹೆಚ್ಚು ಊರುಗಳನ್ನು ಬರದಿಂದ ಕಾಪಾಡಬೇಕೆಂಬುದು ಅವರ ಎಣಿಕೆ. ಅದಕ್ಕೇ ಯಾವ ಸರ್ವೆ ನಂಬರಿಗೆ ಯಾವ ಬೆಳೆ ಎಂದು ಗೊತ್ತುಮಾಡಿ, ಭತ್ತಕ್ಕೆ ಸಣ್ಣ ಪಾಲು ಇಟ್ಟು, ಉಳಿದದ್ದನ್ನು ಮಿತ ನೀರಾವರಿಗೆ ಬರೆದರು. ಆ ನಿಗದಿ ಇಂದಿಗೂ ಕಾಗದದಲ್ಲಿ ಜೀವಂತವಿದೆ. ಕಾಲುವೆಯ ಮೇಲ್ಭಾಗದ ಗಂಗಾವತಿ, ಕಾರಟಗಿ, ಸಿಂಧನೂರಿನ ನೆಲದ ಮೇಲೆ ಇರುವುದು ಭತ್ತ. ‘ಬೆಳೆ ಪದ್ಧತಿ ಉಲ್ಲಂಘನೆ’ ಎಂಬ ಹೆಸರಿನಲ್ಲಿ ನೋಟಿಸು ಕಳಿಸಿ ಇದನ್ನು ಸರಿಮಾಡಬಹುದೆಂದು ನಂಬುವವರು ಇನ್ನೂ ಇದ್ದಾರೆ. ನಮಗೆ ಆ ನಂಬಿಕೆ ಇಲ್ಲ. ಮೇಲ್ಭಾಗದ ರೈತನನ್ನು ಕಳ್ಳನೆಂದು ಕರೆಯುವುದೂ ನ್ಯಾಯವಲ್ಲ.

ಆತ ಭತ್ತಕ್ಕೆ ಅಂಟಿಕೊಳ್ಳಲು ಕಾರಣ ದುಡ್ಡಿನ ಲೆಕ್ಕದಲ್ಲೇ ಇದೆ. 2025-26ರ ಬೆಂಬಲ ಬೆಲೆ ಸಾಮಾನ್ಯ ಭತ್ತಕ್ಕೆ ಕ್ವಿಂಟಲಿಗೆ 2,369 ರೂಪಾಯಿ, ಹೈಬ್ರಿಡ್ ಜೋಳಕ್ಕೆ 3,699. ಎಕರೆಗೆ 75 ಕೆ.ಜಿ.ಯ 33 ಚೀಲ, ಅಂದರೆ 25 ಕ್ವಿಂಟಲ್ ಭತ್ತ ಬಂದರೆ 59 ಸಾವಿರ. ನೀರು ಕಟ್ಟಿದ ಜೋಳ ಎಕರೆಗೆ 12 ಕ್ವಿಂಟಲ್ ಎಂದು ಕೈ ಬಿಗಿಹಿಡಿದೇ ಲೆಕ್ಕ ಹಾಕಿದರೆ 44 ಸಾವಿರ. ಎಕರೆ ಲೆಕ್ಕದಲ್ಲಿ ಭತ್ತ ಗೆಲ್ಲುತ್ತದೆ. ಈಗ ಅದೇ ಮೊತ್ತವನ್ನು ನೀರಿನಿಂದ ಭಾಗಿಸಿ: ಒಂದು ಎಕರೆ-ಅಡಿ ನೀರಿಗೆ ಭತ್ತ ಕೊಡುವುದು 14,800 ರೂಪಾಯಿ, ಜೋಳ ಕೊಡುವುದು 29,600. ಎರಡು ಪಟ್ಟು. ರೈತನಿಗಿರುವುದು ಎಕರೆ, ಅವನು ಎಕರೆಯ ಲೆಕ್ಕ ಹಾಕುತ್ತಾನೆ. ಸರ್ಕಾರದ ಕೈಯಲ್ಲಿರುವುದು ನೀರು, ಅದು ನೀರಿನ ಲೆಕ್ಕ ಹಾಕಬೇಕು. ಈಗ ಎರಡೂ ಕಡೆಯವರು ಎಕರೆಯ ಲೆಕ್ಕವನ್ನೇ ಹಾಕುತ್ತಿರುವುದರಿಂದ ಕೆಳಭಾಗದವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತಿದ್ದಾರೆ.

ಬೆಲೆಗಿಂತ ದೊಡ್ಡದು ಮಾರಾಟದ ಭರವಸೆ. ಭತ್ತವನ್ನು ಕಣದಲ್ಲೇ ತೂಗಿ ಒಯ್ಯಲು ಗಿರಣಿಯವರಿದ್ದಾರೆ, ಗೊಬ್ಬರಕ್ಕೂ ಕೂಲಿಗೂ ಮುಂಗಡ ಕೊಡಲು ಅಡತಿ ಅಂಗಡಿಯವರಿದ್ದಾರೆ. ಲಾವಣಿಗೆ (ಗುತ್ತಿಗೆಗೆ) ಭೂಮಿ ಹಿಡಿದವನಂತೂ ಭೂಮಾಲೀಕನಿಗೆ ಭತ್ತದ ಚೀಲದ ಲೆಕ್ಕದಲ್ಲೇ ಲಾವಣಿ ಕೊಡಬೇಕು. ಅವನು ಜೋಳ ಬಿತ್ತುವುದಾದರೂ ಹೇಗೆ? ಜೋಳದ ಖರೀದಿ ಕೇಂದ್ರ ತೆರೆಯುವುದು ರಾಶಿ ಮುಗಿದು ವಾರಗಳಾದ ಮೇಲೆ. ಅಷ್ಟರಲ್ಲಿ ಸಾಲ ತೀರಿಸಬೇಕಾದವರು ಸಿಕ್ಕ ಬೆಲೆಗೆ ಮಾರಿರುತ್ತಾರೆ. ಮೇಲಾಗಿ ಎಕರೆಗೆ ಇಷ್ಟೇ, ಒಬ್ಬರಿಗೆ ಇಷ್ಟೇ ಕ್ವಿಂಟಲ್ ಎಂಬ ಮಿತಿ ನಡುವೆ ಬದಲಾಗುತ್ತದೆ. ಒಂದು ವರ್ಷ ಹೀಗೆ ಕೈಸುಟ್ಟುಕೊಂಡವನು ಮರುವರ್ಷ ಭತ್ತದ ಸಸಿಮಡಿಯನ್ನೇ ಹಾಕುತ್ತಾನೆ.

ಆದ್ದರಿಂದ ನೀರು ಬಿಡುವ ಆದೇಶ ಮತ್ತು ಖರೀದಿಯ ಆದೇಶ ಒಂದೇ ದಿನ ಹೊರಡಬೇಕು. ಹಿಂಗಾರಿ ನೀರಿನ ಸಭೆ ನಡೆದ ದಿನವೇ ಇಂಥ ಹೋಬಳಿಯಲ್ಲಿ, ಇಂಥ ತಾರೀಖಿಗೆ ಖರೀದಿ ಕೇಂದ್ರ ತೆರೆಯುತ್ತದೆ, ಎಕರೆಗೆ ಇಷ್ಟು ಕ್ವಿಂಟಲ್ ಕೊಳ್ಳುತ್ತೇವೆ, ತೇವಾಂಶ ಶೇ 14 ಮೀರಬಾರದು ಎಂದು ಸಾರಿಬಿಡಿ. ಬಿತ್ತುವ ಮೊದಲು ತಿಳಿದ ಷರತ್ತನ್ನು ರೈತ ಪಾಲಿಸುತ್ತಾನೆ. ರಾಶಿ ಮಾಡಿದ ಮೇಲೆ ಖರೀದಿ ಕೇಂದ್ರದ ಗೇಟಿನ ಬಳಿ ಕೇಳಿಬರುವ ಷರತ್ತಿಗೆ ದಲಾಲರಷ್ಟೇ ಲಾಭ ಪಡೆಯುತ್ತಾರೆ. ಹೀಗೆ ಕೊಂಡ ಜೋಳವನ್ನು ಈ ಭಾಗದ ಪಡಿತರಕ್ಕೇ ತಿರುಗಿಸಬಹುದು. ರೊಟ್ಟಿ ತಿನ್ನುವ ಊರಿಗೆ ಜೋಳ ಕೊಡಲು ಪ್ರಚಾರ ಬೇಕಿಲ್ಲ. ಒಂದೇ ಎಚ್ಚರ: ಜೋಳ ಅಕ್ಕಿಯಂತೆ ಗೋದಾಮಿನಲ್ಲಿ ಬಹುಕಾಲ ಇರುವುದಿಲ್ಲ, ಬೇಗ ಹುಳು ಬೀಳುತ್ತದೆ. ಕೊಂಡ ಕೆಲವೇ ತಿಂಗಳಲ್ಲಿ ಹಂಚಿ ಮುಗಿಸುವ ಏರ್ಪಾಡು ಇಲ್ಲದಿದ್ದರೆ ಇಡೀ ಯೋಜನೆಗೆ ಕೆಟ್ಟ ಹೆಸರು ಬರುತ್ತದೆ.

ಎಕರೆಯ ಮೇಲೆ ಉಳಿಯುವ ವ್ಯತ್ಯಾಸವನ್ನು ಸರ್ಕಾರ ತುಂಬಿಕೊಡಬೇಕು. ಇದು ಹೊಸ ಮಾತಲ್ಲ, ಹರಿಯಾಣ 2020ರಲ್ಲೇ ಭತ್ತ ಬಿಟ್ಟ ರೈತನಿಗೆ ಎಕರೆಗೆ 7,000 ರೂಪಾಯಿ ಕೊಡಲು ಆರಂಭಿಸಿತು. ಅದೇ ದರದಲ್ಲಿ ಎಡದಂಡೆಯ ಒಂದು ಲಕ್ಷ ಎಕರೆಗೆ ಕೊಟ್ಟರೆ ವರ್ಷಕ್ಕೆ 70 ಕೋಟಿ. ಎಕರೆಗೆ ಎರಡೂವರೆ ಅಡಿಯಂತೆ ಉಳಿಯುವ ನೀರು 2.5 ಲಕ್ಷ ಎಕರೆ-ಅಡಿ, ಅಂದರೆ ಹೆಚ್ಚುಕಡಿಮೆ 11 ಟಿಎಂಸಿ. ಅದು ಕೆಳಭಾಗದ ಒಂದೂವರೆ ಲಕ್ಷ ಎಕರೆಗೂ ಮೇಲೆ ಮಿತ ನೀರಾವರಿ ಬೆಳೆಗೆ ಸಾಕು. ಸಂವಿಧಾನದ 371ನೇ ‘ಜೆ’ ವಿಧಿಯ ಆಧಾರದಲ್ಲಿ ಹುಟ್ಟಿದ ಕಲ್ಯಾಣ ಕರ್ನಾಟಕ ಮಂಡಳಿಗೆ 2024-25ರ ಆಯವ್ಯಯದಲ್ಲಿ ಘೋಷಿಸಿದ್ದು 5,000 ಕೋಟಿ, ಮರುವರ್ಷವೂ 5,000 ಕೋಟಿ. 70 ಕೋಟಿ ಅದರ ಶೇ 1.4. ಮಂಡಳಿಯ ಹಣವೆಂದರೆ ಕಾಮಗಾರಿ, ಕಾಮಗಾರಿಯೆಂದರೆ ಸಿಮೆಂಟು ಎಂಬ ವಾಡಿಕೆ ಬೆಳೆದುಬಿಟ್ಟಿದೆ. ಸಮುದಾಯ ಭವನಕ್ಕೆ ಉದ್ಘಾಟನೆಯ ಕಲ್ಲು ಹಾಕಬಹುದು, ಉಳಿದ ನೀರಿಗೆ ಹಾಕಲಾಗದು. ಕಷ್ಟ ಅಲ್ಲೇ ಇದೆಯೇನೋ.

ಹಣ ಹಂಚುವ ಕ್ರಮದಲ್ಲಿ ಎಡವಿದರೆ ಯೋಜನೆ ಮೊದಲ ವರ್ಷವೇ ಕೆಡುತ್ತದೆ. ಒಬ್ಬೊಬ್ಬ ರೈತನಿಗೆ ಬೇರೆ ಬೇರೆಯಾಗಿ ಕೊಡಬಾರದು. ಸುತ್ತ ಭತ್ತದ ಗದ್ದೆಯಿದ್ದು ನಡುವೆ ಒಬ್ಬ ಜೋಳ ಬಿತ್ತಿದರೆ ಅಕ್ಕಪಕ್ಕದ ಬಸಿನೀರಿಗೆ ಅವನ ಜೋಳ ಹಳದಿ ಬಿದ್ದು ಕೊಳೆಯುತ್ತದೆ. ಒಂದು ತೂಬಿನ ಕೆಳಗಿನ ಎಲ್ಲ ಹೊಲದವರೂ ಒಪ್ಪಿದರೆ ಆ ತೂಬಿಗೆ ಹಣ ಎಂಬ ನಿಯಮವಿರಲಿ. ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಆಗ ಮೊದಲ ಬಾರಿಗೆ ನಿಜವಾದ ಕೆಲಸ ಸಿಗುತ್ತದೆ. ಹಣ ಪಹಣಿಯಲ್ಲಿ ಹೆಸರಿರುವವನಿಗೆ ಹೋಗಿ, ಲಾವಣಿ ಮಾಡುವವನು ಬರಿಗೈಯಲ್ಲಿ ಉಳಿಯುವುದು ಎರಡನೇ ಅಪಾಯ. ಬೆಳೆ ಸಮೀಕ್ಷೆಯಲ್ಲಿ ಹೊಲದ ಫೋಟೊ ಹೇಗೂ ತೆಗೆಯುತ್ತಾರೆ. ಅದರ ಜತೆಗೆ ಉಳುವವನ ಹೆಸರನ್ನೂ ಸಂಘದ ಸಭೆಯಲ್ಲಿ ಓದಿ ದಾಖಲಿಸಬೇಕು.

ಇನ್ನು ಕಾಲುವೆಯ ಮಾತು. 104ನೇ ಮೈಲಿನಲ್ಲಿ ಗೇಜು ಆರು ಅಡಿಯಿಂದ ಐದಕ್ಕೆ ಇಳಿದರೆ ‘ಒಂದೇ ಅಡಿ ತಾನೆ’ ಎಂದು ಅಧಿಕಾರಿಗಳು ಸಮಾಧಾನ ಹೇಳುತ್ತಾರೆ. ಕಾಲುವೆಯಲ್ಲಿ ಆಳ ಕಡಿಮೆಯಾದಂತೆ ನೀರಿನ ವೇಗವೂ ಇಳಿಯುತ್ತದೆ. ಹಾಗಾಗಿ ಆರರಲ್ಲಿ ಒಂದಡಿ ಹೋದರೆ ಹರಿವು ಹೆಚ್ಚುಕಡಿಮೆ ಕಾಲು ಭಾಗ ಹೋದಂತೆ. ಗೇಜು ಇನ್ನೂ ಇಳಿದರೆ ವಿತರಣಾ ಕಾಲುವೆಯ ತೂಬಿನ ಬಾಯಿಗೆ ನೀರೇ ಏರುವುದಿಲ್ಲ, ಕಣ್ಣೆದುರು ನೀರು ಹರಿಯುತ್ತಿದ್ದರೂ ಹೊಲ ಒಣಗುತ್ತದೆ.

ಆ ಒಂದಡಿ ಎಲ್ಲಿ ಹೋಯಿತು? ಏರಿಯ ಮೇಲೆ ಹಾಯಿಸಿದ ಆರು ಇಂಚಿನ ಸೈಫನ್ ಪೈಪಿಗೆ ಒಂದು ಮೀಟರ್ ಇಳಿಜಾರು ಸಿಕ್ಕರೆ ಸಾಕು, ವಿದ್ಯುತ್ತೇ ಇಲ್ಲದೆ ಒಂದು ಕ್ಯೂಸೆಕ್‌ಗೂ ಹೆಚ್ಚು ನೀರೆಳೆಯುತ್ತದೆ. ಒಂದು ಕ್ಯೂಸೆಕ್ 120 ದಿನ ಹರಿದರೆ 238 ಎಕರೆ-ಅಡಿ: ಭತ್ತವಾದರೆ 60 ಎಕರೆ, ಜೋಳವಾದರೆ 158 ಎಕರೆ. ಇಂಥ ನೂರು ಪೈಪಿದ್ದರೆ ಕೆಳಗೆ ಸುಮಾರು 16 ಸಾವಿರ ಎಕರೆಯ ಮಿತ ನೀರಾವರಿ ಅಳಿಸಿಹೋದಂತೆ. 2024ರಲ್ಲಿ ನೀರಾವರಿ ಕಾಯ್ದೆಗೆ ತಿದ್ದುಪಡಿ ತಂದು ಕಾಲುವೆ ನೀರು ಕದಿಯುವವರಿಗೆ ಶಿಕ್ಷೆ ಬಿಗಿಮಾಡಲಾಯಿತು. ಕಾಲುವೆಯ ಮೇಲೆ ನಿಷೇಧಾಜ್ಞೆ ಹೇರಿ, ಪೊಲೀಸರನ್ನು ನಿಲ್ಲಿಸಿ, ಹತ್ತು ದಿನ ಪೈಪು ಕೀಳುವುದು ಪ್ರತಿವರ್ಷದ ಹಬ್ಬ. ಹನ್ನೊಂದನೇ ದಿನ ಪೈಪು ಮತ್ತೆ ಬೀಳುತ್ತದೆ. ಆಯಕಟ್ಟಿನ ಆಚೆಯ ಗದ್ದೆಗೆ ನೀರು ಕೊಂಡೊಯ್ಯುವ ದೊಡ್ಡ ಪಂಪುಗಳಿಗೆ ವಿದ್ಯುತ್ ಸಂಪರ್ಕ ಕೊಟ್ಟದ್ದೂ ಸರ್ಕಾರದ್ದೇ ಕಂಪನಿ ಎಂಬುದನ್ನು ಇಲ್ಲಿ ನೆನಪಿಸಬೇಕಾಗಿದೆ.

ಪೊಲೀಸರಿಗಿಂತ ಬೋರ್ಡು ಹೆಚ್ಚು ಕೆಲಸ ಮಾಡುತ್ತದೆ. 47, 69, 104ನೇ ಮೈಲುಗಳ ಗೇಜನ್ನು ದಿನಕ್ಕೆರಡು ಬಾರಿ, ಬೆಳಿಗ್ಗೆ ಆರಕ್ಕೂ ಸಂಜೆ ಆರಕ್ಕೂ ಓದಿ, ಎಲ್ಲ ಸಂಘಗಳಿಗೂ ಮೊಬೈಲಿನಲ್ಲಿ ಕಳಿಸಿ, ಗ್ರಾಮ ಪಂಚಾಯಿತಿಯ ಹಲಗೆಯ ಮೇಲೂ ಬರೆಸಿ. ಎರಡು ಗೇಜುಗಳ ನಡುವಿನ ಹರಿವಿನಿಂದ ಅಧಿಕೃತ ತೂಬುಗಳ ಪಾಲು ಕಳೆದರೆ ಕಳವು ಯಾವ ಮೈಲುಗಳ ನಡುವೆ ಎಂಬುದು ಅದೇ ದಿನ ಗೊತ್ತಾಗುತ್ತದೆ. ಇದಕ್ಕೆ ಕೋಟಿಗಟ್ಟಲೆಯ ಟೆಂಡರು ಬೇಕಿಲ್ಲ. ಸೆನ್ಸರ್ ಹಾಕುವುದಾದರೆ ಹಾಕಿ. ಆದರೆ ಹೂಳು ತುಂಬಿದ ಗೇಜು ಬಾವಿ, ವರ್ಷಗಟ್ಟಲೆ ತಾಳೆ ನೋಡದ ಅಳತೆಪಟ್ಟಿ ಇಟ್ಟುಕೊಂಡರೆ ಸೆನ್ಸರ್ ಕೂಡ ಸುಳ್ಳನ್ನೇ ಹೇಳುತ್ತದೆ.

ವಾರಾಬಂದಿಯ, ಅಂದರೆ ಸರದಿಯಂತೆ ನೀರು ಬಿಡುವ ಕ್ರಮದ ಬಗ್ಗೆ ಒಂದು ಮಾತು. ಸರದಿಯನ್ನು ವಿತರಣಾ ಕಾಲುವೆಗಳ ಮಟ್ಟದಲ್ಲೇ ನಡೆಸಬೇಕು, ಮುಖ್ಯ ಕಾಲುವೆಯನ್ನು ಒಮ್ಮೆಗೇ ನಿಲ್ಲಿಸಿ ಒಮ್ಮೆಗೇ ತುಂಬಬಾರದು. ಎರೆ ಮಣ್ಣಿನ ಕಾಲುವೆಯಲ್ಲಿ ನೀರಿನ ಮಟ್ಟ ಸರ್ರನೆ ಇಳಿದರೆ ಏರಿಯೊಳಗಿನ ತೇವ ಹಿಂದಿನಿಂದ ಒತ್ತಿ ಲೈನಿಂಗಿನ ಕಾಂಕ್ರೀಟ್ ಹಲಗೆಗಳು ಎದ್ದು ಬರುತ್ತವೆ. ಕಳಪೆ ಕಾಮಗಾರಿಯೆಂಬ ಗಲಾಟೆಯಲ್ಲಿ ಒಂದಷ್ಟಕ್ಕೆ ಕಾರಣ ಗುತ್ತಿಗೆದಾರನಲ್ಲ, ಕಾಲುವೆಯನ್ನು ಮುಚ್ಚಿದ ಕ್ರಮ. (ಉಳಿದದ್ದಕ್ಕೆ ಗುತ್ತಿಗೆದಾರನೇ. ಎರೆ ಮಣ್ಣಿನ ಮೇಲೆ ಮೊರಂ ಪದರ ಹಾಕದೆ ಕಾಂಕ್ರೀಟ್ ಸುರಿದರೆ ಮೊದಲ ಬೇಸಿಗೆಗೇ ಬಿರಿಯುತ್ತದೆ.)

ಭತ್ತವನ್ನು ಪೂರ್ತಿ ಬಿಡಿಸಲಾಗದ ಜಾಗಗಳಿವೆ, ತಗ್ಗಿನ ಜೌಗು ಹೊಲಗಳಲ್ಲಿ ಬೇರೇನೂ ಬರುವುದಿಲ್ಲ. ಅಲ್ಲಿ ನೀರು ಉಳಿಸಲು ಕೂರಿಗೆ ಬಿತ್ತನೆಯ ಭತ್ತ ಇದೆ. ಎಕರೆಗೆ 8ರಿಂದ 10 ಕೆ.ಜಿ. ಬೀಜ, ಸಾಲಿನ ಅಂತರ 20 ಸೆಂ.ಮೀ., ಆಳ ಮೂರು-ನಾಲ್ಕು ಸೆಂ.ಮೀ. ಐದು ದಾಟಿದರೆ ಮೊಳಕೆ ಮೇಲೆ ಬರುವುದಿಲ್ಲ. ಸೋಲುವುದು ಕಳೆಯಿಂದ: ಬಿತ್ತಿದ ಮೂರು ದಿನದೊಳಗೆ, ಮಣ್ಣು ಹಸಿಯಿರುವಾಗಲೇ ಪೆಂಡಿಮೆಥಾಲಿನ್ ಸಿಂಪಡಿಸದಿದ್ದರೆ ಆಮೇಲೆ ಕೈಗಳೆಯ ಕೂಲಿಯಲ್ಲೇ ಲಾಭ ಮುಗಿಯುತ್ತದೆ. ಸುಣ್ಣದಂಶದ ಎರೆ ಮಣ್ಣಿನಲ್ಲಿ ಎಳೆ ಪೈರು ಬೆಳ್ಳಗಾಗುವುದು ಕಬ್ಬಿಣದ ಕೊರತೆಯಿಂದ, ರೈತರು ಅದನ್ನು ಸಾರಜನಕದ ಕೊರತೆಯೆಂದು ತಿಳಿದು ಯೂರಿಯಾ ಎಸೆಯುತ್ತಾರೆ. ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಸಿಂಪಡಿಸಿದರೆ ಸರಿಹೋಗುತ್ತದೆ.

ನಾಟಿ ಗದ್ದೆಯಲ್ಲಿ ಒಮ್ಮೆ ಹಸಿ, ಒಮ್ಮೆ ಒಣ ಎಂಬ ಕ್ರಮವನ್ನೂ ವಿಜ್ಞಾನಿಗಳು ಹೇಳುತ್ತಾರೆ: ತೂತು ಕೊರೆದ ಪೈಪಿನ ತುಂಡು ಹೂತು, ನೀರು ನೆಲದಿಂದ 15 ಸೆಂ.ಮೀ. ಕೆಳಗಿಳಿದಾಗ ಮಾತ್ರ ಕಟ್ಟುವುದು. ವಿಧಾನ ಒಳ್ಳೆಯದೇ. ಆದರೆ ಮುಂದಿನ ಸರದಿ ಎಂಟು ದಿನಕ್ಕೋ ಹದಿನೆಂಟು ದಿನಕ್ಕೋ ಎಂದು ತಿಳಿಯದ ರೈತ ಇದ್ದಾಗಲೇ ಗದ್ದೆ ತುಂಬಿಸಿಕೊಳ್ಳುತ್ತಾನೆ. ಅದು ದುರಾಸೆಯಲ್ಲ, ದಿಗಿಲು. ‘ಯಾವುದು ಮೊದಲೋ ಅದು’ ಎಂಬ ನಿಮ್ಮ ಷರಾ ಹುಟ್ಟಿಸಿದ ದಿಗಿಲು.

ಹೆಚ್ಚಿನ ನೀರಿನ ಇನ್ನೊಂದು ಬೆಲೆ ನೆಲದಲ್ಲಿ ಕೂರುತ್ತಿದೆ. ಕಾಲುವೆ ನೀರಿನಲ್ಲಿ ಲೀಟರಿಗೆ 250 ಮಿಲಿಗ್ರಾಂ ಲವಣ ಎಂದಿಟ್ಟುಕೊಂಡರೂ, ನಾಲ್ಕು ಅಡಿ ನೀರು ಕಟ್ಟಿದ ಒಂದು ಎಕರೆಗೆ ಒಂದು ಬೆಳೆಗೆ 12 ಕ್ವಿಂಟಲ್ ಉಪ್ಪು ಬರುತ್ತದೆ. ಬಸಿದು ಹೋಗಲು ದಾರಿಯಿಲ್ಲದ ಎರೆ ಭೂಮಿಯಲ್ಲಿ ಅದು ಅಲ್ಲೇ ಉಳಿದು ಬೇಸಿಗೆಯಲ್ಲಿ ಬಿಳಿಯಾಗಿ ಮೇಲೇಳುತ್ತದೆ. ಮಣ್ಣಿನ ಲವಣದ ಅಳತೆ ಮೀಟರಿಗೆ 3 ಡೆಸಿಸೀಮೆನ್ಸ್ ದಾಟಿದ ಮೇಲೆ ಪ್ರತಿ ಒಂದಂಶಕ್ಕೆ ಭತ್ತದ ಇಳುವರಿ ಶೇ 12ರಷ್ಟು ಬೀಳುತ್ತದೆ. ಆರಕ್ಕೆ ಮುಟ್ಟಿದ ಹೊಲದಲ್ಲಿ ಮೂರರಲ್ಲೊಂದು ಪಾಲಿಗೂ ಹೆಚ್ಚು ಹೋಗಿರುತ್ತದೆ. ಸವಳು-ಜವಳಿನ ಮದ್ದು ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರಕ್ಕೆ ಚೆನ್ನಾಗಿ ಗೊತ್ತು: ಮೂರು-ನಾಲ್ಕು ಅಡಿ ಆಳದಲ್ಲಿ, ಬಟ್ಟೆಯಂಥ ಸೋಸುಪದರ ಸುತ್ತಿದ 80 ಮಿ.ಮೀ. ತೂತಿನ ಪೈಪುಗಳನ್ನು 30ರಿಂದ 60 ಮೀಟರ್ ಅಂತರದಲ್ಲಿ ಹೂತು, ನೀರನ್ನು ಹಳ್ಳಕ್ಕೆ ಬಿಡುವುದು. ಕೆಲಸ ಕೆಡುವ ಜಾಗಗಳೂ ಗೊತ್ತಿರುವಂಥವೇ. ಹಳ್ಳದಲ್ಲಿ ಹೂಳು, ಜಾಲಿ ತುಂಬಿ ಅದರ ತಳವೇ ಪೈಪಿನ ಬಾಯಿಗಿಂತ ಮೇಲಿದ್ದರೆ ನೀರು ಹಿಮ್ಮುಖವಾಗುತ್ತದೆ. ಗೊಬ್ಬರ ಬಸಿದು ಹೋಗುತ್ತದೆಂದು ರೈತರು ಪೈಪಿನ ಬಾಯಿಗೆ ಗೋಣಿಚೀಲ ತುರುಕುತ್ತಾರೆ. ಅದಕ್ಕೆ ಬೈಯುವ ಬದಲು ಮುಚ್ಚಿ ತೆರೆಯುವ ಬಿರಡೆ ಕೊಟ್ಟು, ಗೊಬ್ಬರ ಹಾಕಿದ ವಾರ ಮುಚ್ಚಿ ಉಳಿದಂತೆ ತೆರೆದಿಡಿ ಎಂದು ತೋರಿಸಿಕೊಡಬೇಕು. ಮಂಡಳಿಗೆ ಕಾಮಗಾರಿಯೇ ಬೇಕೆಂದರೆ ಹಳ್ಳ ಬಿಡಿಸುವುದಕ್ಕಿಂತ ಒಳ್ಳೆಯ ಕಾಮಗಾರಿ ಈ ಆಯಕಟ್ಟಿನಲ್ಲಿ ಇಲ್ಲ.

ಜಲಾಶಯದ ಹೂಳೆತ್ತಿ ಎಂಬ ಬೇಡಿಕೆ ಪ್ರತಿ ಚುನಾವಣೆಯಲ್ಲೂ ಬರುತ್ತದೆ. ಜಲಾಶಯ 133 ಟಿಎಂಸಿಯಿಂದ ಇಳಿದು ಕಳೆದುಕೊಂಡದ್ದು ಸುಮಾರು 27 ಟಿಎಂಸಿ, ಅಂದರೆ 76 ಕೋಟಿ ಘನ ಮೀಟರ್. ಟಿಪ್ಪರಿಗೆ 10 ಘನ ಮೀಟರಿನಂತೆ ದಿನಕ್ಕೆ 5,000 ಟ್ರಿಪ್ ಹೊಡೆದರೂ 41 ವರ್ಷ ಬೇಕು, ಆ ಮಣ್ಣು ಸುರಿಯಲು ಜಾಗ ಬೇರೆ. ಅದರ ಬದಲು ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಕಟ್ಟಬೇಕೆಂದಿರುವ ಸಮತೋಲನ ಜಲಾಶಯಕ್ಕೆ ಆಂಧ್ರ, ತೆಲಂಗಾಣಗಳ ಒಪ್ಪಿಗೆ ಬೇಕು, ರೈತರ ಜಮೀನು ಬೇಕು. ಬರುವುದಾದರೆ ಬರಲಿ. ಈಗಿನ ಕ್ರಮದಲ್ಲೇ ಬಂದರೆ ಮೇಲೆ ಇನ್ನಷ್ಟು ಭತ್ತ ಬೆಳೆಯುತ್ತದೆ, 104ನೇ ಮೈಲು ಇದ್ದಲ್ಲೇ ಇರುತ್ತದೆ.

ಮುಂದಿನ ಮುಂಗಾರಿ ಸಭೆಯ ನಡಾವಳಿಯಲ್ಲಿ ನಮಗೆ ಬೇಕಾದದ್ದು ಹೆಚ್ಚೇನಿಲ್ಲ. ವಿತರಣಾ ಕಾಲುವೆವಾರು ಭತ್ತಕ್ಕೆ ಇಷ್ಟು ಎಕರೆ, ಮಿತ ನೀರಾವರಿಗೆ ಇಷ್ಟು ಎಕರೆ ಎಂಬ ಪಟ್ಟಿ, ಸಸಿಮಡಿ ಹಾಕುವ ಮೊದಲೇ. ಪ್ರತಿ ಸರದಿಯ ತಾರೀಖು. ಖರೀದಿ ಕೇಂದ್ರ ತೆರೆಯುವ ತಾರೀಖು. ನೀರು ಕೊರತೆಯಾದರೆ ಮೊದಲು ನಿಲ್ಲುವುದು ಯಾವ ಬೆಳೆಯ ನೀರು ಎಂಬ ಒಂದು ಸಾಲು, ‘ಯಾವುದು ಮೊದಲೋ ಅದು’ ಇದ್ದ ಜಾಗದಲ್ಲಿ. ಮತ್ತು 104ನೇ ಮೈಲಿನಲ್ಲಿ ಕಾಪಾಡಬೇಕಾದ ಗೇಜು ಎಷ್ಟು ಅಡಿ, ಅದು ಎರಡು ದಿನ ಸತತ ಇಳಿದರೆ ಮೇಲೆ ಯಾವ ವಿತರಣಾ ಕಾಲುವೆಯ ಗೇಟನ್ನು ಯಾವ ಅಧಿಕಾರಿ ಇಳಿಸಬೇಕು ಎಂಬುದು, ಹುದ್ದೆಯ ಹೆಸರು ಸಮೇತ.

ಇಂತಿ,
ಎಡದಂಡೆ ಕಾಲುವೆಯ ಮೇಲ್ಭಾಗ ಮತ್ತು ಕೆಳಭಾಗದ ಕೆಲವು ರೈತರು, ನಿವೃತ್ತ ನೀರಾವರಿ ನೌಕರರು